ಕದ್ದ ಕಾರು ಹಡಗು ಹತ್ತುವ ಮುನ್ನ: ಕೆನಡಾದ ಸಾರ್ವಜನಿಕ ಸುರಕ್ಷತಾ ಸಚಿವರಿಗೆ ಬಹಿರಂಗ ಪತ್ರ

ಟೊರಾಂಟೊ, ಏಪ್ರಿಲ್ 2024

ಮಾನ್ಯ ಸಚಿವರೇ,

ಈ ಪತ್ರದ ಇಂಗ್ಲಿಷ್ ಪ್ರತಿಯನ್ನು ತಮ್ಮ ಕಚೇರಿಗೆ ಕಳುಹಿಸಿದ್ದೇನೆ. ಈ ಊರಿನ ಕನ್ನಡದ ಮನೆಗಳವರೂ ಓದಲೆಂದು ಕನ್ನಡದಲ್ಲಿಯೂ ಬರೆಯುತ್ತಿದ್ದೇನೆ.

ಜನವರಿಯ ಒಂದು ಬೆಳಿಗ್ಗೆ, ಟೊರಾಂಟೊದ ಪಶ್ಚಿಮ ಭಾಗವಾದ ಎಟೋಬಿಕೊದಲ್ಲಿ ನಮ್ಮ ಪಕ್ಕದ ಮನೆಯ ಮುಂದೆಲ್ಲ ಹಿಮ ಬಿದ್ದಿತ್ತು. ಕಾರು ನಿಂತಿದ್ದ ಜಾಗವೊಂದೇ ಕಪ್ಪಗೆ, ಒಣಗಿಕೊಂಡಿತ್ತು. ಗಾಜಿನ ಚೂರೊಂದೂ ಬಿದ್ದಿರಲಿಲ್ಲ, ಕೀ ಮನೆಯೊಳಗೆ ಮೊಳೆಯಲ್ಲೇ ತೂಗುತ್ತಿತ್ತು. ಸೀಟಿನಡಿ ಬಚ್ಚಿಟ್ಟಿದ್ದ ಟ್ರ್ಯಾಕರ್ ಮರುದಿನವಿಡೀ ಸರಕು ರೈಲಿನ ಯಾರ್ಡೊಂದನ್ನು ತೋರಿಸಿ, ಆಮೇಲೆ ಸುಮ್ಮನಾಯಿತು. ಆ ಮನೆಯ ಯಜಮಾನರು ಫೋನಿನಲ್ಲಿ ನಕ್ಷೆ ತೆರೆದುಕೊಂಡೇ ಎರಡು ಸಲ ಠಾಣೆಗೆ ಹೋದರು. ಯಾವ ಕಂಟೇನರ್ ಎಂದು ತಿಳಿಯದೆ ಏನೂ ಮಾಡಲಾಗದೆಂಬ ಉತ್ತರ ಪಡೆದು ಹಿಂದಿರುಗಿದರು.

2023ರಲ್ಲಿ ಟೊರಾಂಟೊ ಒಂದರಲ್ಲೇ 12,000ಕ್ಕೂ ಹೆಚ್ಚು ವಾಹನಗಳು ಕಳುವಾದವು. ಮನೆಯೊಳಗಿನ ಕೀಯ ಸಂಕೇತವನ್ನು ಹೊರಗಿನಿಂದಲೇ ಸೆಳೆದು ಬಾಗಿಲು ತೆರೆಯುವವರು, ಟ್ರ್ಯಾಕರ್ ಇದೆಯೇ ಎಂದು ತಿಳಿಯಲು ಕಾರನ್ನು ಕೆಲವು ದಿನ ಬೇರೆಲ್ಲೋ ನಿಲ್ಲಿಸಿ ಕಾಯುವವರು, ಸುಳ್ಳು ಕಾಗದಪತ್ರ ಮಾಡಿ ಕಂಟೇನರ್‌ಗೆ ತುಂಬಿಸುವವರು, ಮಾಂಟ್ರಿಯಲ್ ಬಂದರಿನಿಂದ ಪಶ್ಚಿಮ ಆಫ್ರಿಕಾಕ್ಕೂ ಪಶ್ಚಿಮ ಏಷ್ಯಾಕ್ಕೂ ಸಾಗಿಸುವವರು, ಹೀಗೆ ಪ್ರತಿ ಹಂತಕ್ಕೂ ಬೇರೆ ಬೇರೆ ಕೈಗಳಿವೆ. ಸಿಕ್ಕಿಬೀಳುವವರು ಹೆಚ್ಚಾಗಿ ಮೊದಲ ಹಂತದ ಹುಡುಗರು, ಕೆಲವರಿಗೆ ಹದಿನೆಂಟೂ ತುಂಬಿರುವುದಿಲ್ಲ. 2022ರಲ್ಲೇ ಕೆನಡಾದಾದ್ಯಂತ ಕಳುವಾದ ವಾಹನಗಳಿಗೆ ಕೊಟ್ಟ ವಿಮಾ ಪರಿಹಾರ 120 ಕೋಟಿ ಡಾಲರ್ ದಾಟಿತ್ತು. ಹಳೆಯ ಸಣ್ಣ ಕಾರು ಓಡಿಸುವವರ ಪ್ರೀಮಿಯಂ ಮೇಲೂ ಆ ಹೊರೆ ಬೀಳುತ್ತಿದೆ. ಕಳ್ಳರು ಮನೆಯೊಳಗೆ ನುಗ್ಗದಿರಲೆಂದು ಕೀಯನ್ನು ಮುಂಬಾಗಿಲ ಬಳಿಯೇ ಇಡುವಂತೆ ಪೊಲೀಸ್ ಅಧಿಕಾರಿಯೊಬ್ಬರು ನಮ್ಮ ಎಟೋಬಿಕೊದ ಸಭೆಯಲ್ಲೇ ಸಲಹೆ ಕೊಟ್ಟರು. ತೆರಿಗೆ ಕಟ್ಟುವ ನಾಗರಿಕರಿಗೆ ಇಂಥ ಮಾತು ಕೇಳುವ ಗತಿ ಬಂದದ್ದು ನನಗೆ ಬಹಳ ನೋವು ತಂದಿದೆ.

ಕಾರುಗಳನ್ನು ತಡೆಯಲು ಸಾಧ್ಯವೆಂಬುದನ್ನು ತಮ್ಮ ಗಡಿ ಸೇವಾ ಸಂಸ್ಥೆಯೇ ತೋರಿಸಿಕೊಟ್ಟಿದೆ. ಡಿಸೆಂಬರ್ ಮಧ್ಯದಿಂದ ಮಾರ್ಚ್ ಕೊನೆಯವರೆಗೆ ಪೊಲೀಸರೊಡನೆ ಮಾಂಟ್ರಿಯಲ್‌ನಲ್ಲಿ ನಡೆಸಿದ ‘ಪ್ರಾಜೆಕ್ಟ್ ವೆಕ್ಟರ್’ ಕಾರ್ಯಾಚರಣೆಯಲ್ಲಿ 390 ಕಂಟೇನರ್‌ಗಳನ್ನು ತಪಾಸಣೆ ಮಾಡಿ 598 ಕದ್ದ ವಾಹನಗಳನ್ನು ವಶಪಡಿಸಿಕೊಳ್ಳಲಾಯಿತು. ಅವುಗಳಲ್ಲಿ ಬಹುಪಾಲು ನಮ್ಮದೇ ಪ್ರಾಂತ್ಯವಾದ ಒಂಟಾರಿಯೊದಿಂದ ಹೋದವು. ಅಂದರೆ ಅವು ನಮ್ಮ ಕಣ್ಣೆದುರೇ ನೂರಾರು ಕಿಲೋಮೀಟರ್ ಸಾಗಿ ಬಂದರು ಮುಟ್ಟಿದ್ದವು.

ಆದ್ದರಿಂದ ತಪಾಸಣೆ ಬಂದರಿಗಿಂತ ಮೊದಲೇ, ಟೊರಾಂಟೊ ಸುತ್ತಲಿನ ರೈಲು ಯಾರ್ಡ್‌ಗಳಲ್ಲೇ ನಡೆಯಬೇಕು. ಅಲ್ಲಿ ಕಾಯಂ ಸಿಬ್ಬಂದಿಯನ್ನೂ ಸ್ಕ್ಯಾನರ್‌ಗಳನ್ನೂ ಒದಗಿಸಬೇಕು. ರಫ್ತಾಗುವ ಪ್ರತಿ ಕಾರಿನ ಚಾಸಿ ನಂಬರನ್ನು ಕಳುವಿನ ಪಟ್ಟಿಯೊಡನೆ ತಾಳೆ ನೋಡದೆ ಕಂಟೇನರ್‌ಗೆ ಸೀಲ್ ಹಾಕಬಾರದು. ಟ್ರ್ಯಾಕರ್ ತೋರಿಸುವ ಜಾಗವನ್ನು ಹಿಡಿದು ಬರುವ ದೂರುದಾರರಿಗೆ ಅದೇ ದಿನ ಸ್ಪಂದಿಸುವ ಅಧಿಕಾರಿಯೊಬ್ಬರು ಇರಬೇಕು. ಈ ಮೂರರಲ್ಲಿ ಯಾವುದು, ಯಾವ ತಿಂಗಳಿನಿಂದ ಜಾರಿಗೆ ಬರುತ್ತದೆ ಎಂಬುದನ್ನು ತಾವು ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಎಟೋಬಿಕೊದ ಕನ್ನಡಿಗ ನಿವಾಸಿ