ಪ್ರವಾಸದ ಚೀಲವನ್ನು ಅವರವರೇ ಕಟ್ಟಿಕೊಳ್ಳಲಿ

ಮಾನ್ಯ ಸಂಪಾದಕರೇ,

ಶಾಲೆಗಳಿಗೆ ಬೇಸಿಗೆ ರಜೆ ಬಿದ್ದ ಮೇಲೆ ನಮ್ಮ ವಿಜಯಪುರದ ರೈಲು ನಿಲ್ದಾಣದಲ್ಲಿ ದಿನವೂ ಒಂದು ನೋಟ ಕಾಣಸಿಗುತ್ತದೆ. ಐದು ಜನರ ಕುಟುಂಬ, ಒಂಬತ್ತು ನಗ ಸಾಮಾನು. ಪ್ಲಾಟ್‌ಫಾರ್ಮಿನ ಮೇಲೆ ಅವನ್ನು ಮತ್ತೆ ಮತ್ತೆ ಎಣಿಸುತ್ತ ನಿಂತವಳು ಮನೆಯ ಗೃಹಿಣಿ. ಏಕೆಂದರೆ ಆ ಒಂಬತ್ತನ್ನೂ ಕಟ್ಟಿದವಳು ಅವಳೇ, ಯಾವುದರಲ್ಲಿ ಏನಿದೆ ಎಂಬುದನ್ನು ಬಲ್ಲವಳೂ ಅವಳೊಬ್ಬಳೇ. ನಲವತ್ತು ವರ್ಷ ನಾನೂ ಹೀಗೆಯೇ ಎಣಿಸಿದ್ದೇನೆ. ಪ್ರವಾಸಕ್ಕೆ ಹೊರಡುವ ಪ್ರತಿಯೊಬ್ಬ ವಯಸ್ಕನೂ ತನ್ನ ಚೀಲವನ್ನು ತಾನೇ ಕಟ್ಟಿಕೊಳ್ಳಬೇಕು, ತಾನೇ ಎತ್ತಬಲ್ಲಷ್ಟನ್ನೇ ಕಟ್ಟಿಕೊಳ್ಳಬೇಕು ಎಂಬ ಮಾತನ್ನು ತಮ್ಮ ಪತ್ರಿಕೆಯ ಮೂಲಕ ಹೇಳಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ. ಅದಕ್ಕೆ ಕಾರಣವಾದ ಪ್ರಸಂಗವನ್ನು ಮೊದಲು ತಿಳಿಸುತ್ತೇನೆ.

ಮೂರು ವರ್ಷಗಳ ಹಿಂದೆ ನಾನೂ ನಮ್ಮ ಮನೆಯವರೂ ರಾಮೇಶ್ವರಕ್ಕೆ ಹೊರಟಿದ್ದೆವು. ಬರ್ತುಗಳು ಬೇರೆ ಬೇರೆ ಬೋಗಿಗಳಲ್ಲಿ ಸಿಕ್ಕಿದ್ದವು. ಅವರಿಗೆ ಸಕ್ಕರೆ ಕಾಯಿಲೆ ಇದೆ. ರಾತ್ರಿ ಊಟಕ್ಕೆ ಮುಂಚಿನ ಗುಳಿಗೆಯನ್ನು ನನ್ನ ಹತ್ತಿರವೇ ನುಂಗಿ, ತಮ್ಮ ಬೋಗಿಯಲ್ಲಿ ಸಾಮಾನು ನೋಡಿ ಬರುತ್ತೇನೆಂದು ಹೋದವರು ಜನರ ನೂಕುನುಗ್ಗಲಿನಲ್ಲಿ ಅಲ್ಲಿಯೇ ಸಿಕ್ಕಿಕೊಂಡರು. ಬುತ್ತಿ ನನ್ನ ಹತ್ತಿರ ಇತ್ತು. ಆ ಗುಳಿಗೆ ನುಂಗಿ ಉಣ್ಣದೆ ಉಳಿದರೆ ರಕ್ತದಲ್ಲಿನ ಸಕ್ಕರೆ ತೀರಾ ಇಳಿದುಬಿಡುತ್ತದೆ. ಮುಕ್ಕಾಲು ಗಂಟೆಯ ಬಳಿಕ ಫೋನ್ ಬಂತು. ದನಿ ತೊದಲುತ್ತಿತ್ತು: "ಮೈಯೆಲ್ಲಾ ಬೆವರಾಕತ್ತೈತಿ, ಕೈ ನಡಗಾಕತ್ತಾವು. ಗ್ಲುಕೋಸ್ ಡಬ್ಬಿ ಎಲ್ಲಿಟ್ಟೀ?" ಡಬ್ಬಿ ಇದ್ದದ್ದು ನನ್ನ ಬರ್ತಿನ ಕೆಳಗೆ, ಸರಪಳಿ ಬಿಗಿದು ಬೀಗ ಹಾಕಿದ್ದ ದೊಡ್ಡ ಸೂಟ್‌ಕೇಸಿನಲ್ಲಿ, ಸೀರೆಗಳ ಅಡಿಯಲ್ಲಿ. ನಾನು ಸರಪಳಿಯ ಬೀಗ ತೆಗೆದು, ಸೂಟ್‌ಕೇಸನ್ನು ಎಳೆದು, ಮಡಚಿಟ್ಟ ಬಟ್ಟೆಗಳನ್ನೆಲ್ಲ ನೆಲಕ್ಕೆ ಹಾಕಿ ಡಬ್ಬಿ ಹುಡುಕಿಕೊಂಡು, ಐದು ಬೋಗಿ ದಾಟಿ ತಲುಪುವಷ್ಟರಲ್ಲಿ, ಎದುರಿನ ಬರ್ತಿನಲ್ಲಿದ್ದ ಒಬ್ಬ ಕಾಲೇಜು ಹುಡುಗ ಎರಡು ಪುಡಿಕೆ ಸಕ್ಕರೆಯನ್ನು ಚಹಾದಲ್ಲಿ ಕಲಸಿ ಅವರಿಗೆ ಕುಡಿಸಿದ್ದ. ಆ ಹುಡುಗ ಇಲ್ಲದಿದ್ದರೆ ಏನಾಗುತ್ತಿತ್ತು ಎಂಬುದನ್ನು ನೆನೆದರೆ ಇಂದಿಗೂ ಎದೆ ಝಲ್ಲೆನ್ನುತ್ತದೆ. ತಪ್ಪು ರೈಲಿನದಲ್ಲ, ಬೋಗಿ ಹಂಚಿದವರದೂ ಅಲ್ಲ. ಅರವತ್ತೈದು ವರ್ಷದ ಮನುಷ್ಯರ ಪ್ರಾಣಕ್ಕೆ ಬೇಕಾದ ವಸ್ತುವನ್ನು ನಾನು ನನ್ನ ಸೀರೆಯ ಕೆಳಗೆ ಇಟ್ಟಿದ್ದೆ. ಅದು ಎಲ್ಲಿದೆ ಎಂದು ಅವರು ಒಮ್ಮೆಯೂ ಕೇಳಿರಲಿಲ್ಲ.

ಆದ್ದರಿಂದ ಔಷಧದ ಮಾತನ್ನು ಮೊದಲು ಹೇಳುತ್ತೇನೆ. ಗುಳಿಗೆ ಯಾರದೋ ಅವರ ಮೈಮೇಲೆ ಅಥವಾ ಹೆಗಲಿನ ಚೀಲದಲ್ಲಿ ಇರಬೇಕು, ದೊಡ್ಡ ಪೆಟ್ಟಿಗೆಯಲ್ಲಿ ಅಲ್ಲ. ಗುಳಿಗೆಗಳನ್ನು ಹಾಳೆಯಿಂದ ಬಿಡಿಸಿ ಒಂದೇ ಡಬ್ಬಿಗೆ ಸುರಿಯುವ ರೂಢಿ ಹಲವರಿಗಿದೆ. ಹೆಸರು, ಪ್ರಮಾಣ, ಅವಧಿ ಎಲ್ಲವೂ ಆ ಹಾಳೆಯ ಮೇಲೆಯೇ ಇರುವುದರಿಂದ ಹಾಗೆ ಮಾಡಬಾರದು. ವೈದ್ಯರ ಚೀಟಿಯ ಒಂದು ನಕಲು ಜೊತೆಗಿದ್ದರೆ ಪರ ಊರಿನ ಔಷಧದಂಗಡಿಯಲ್ಲಿ ಭಾಷೆ ಬಾರದಿದ್ದರೂ ಕೆಲಸವಾಗುತ್ತದೆ. ಸಕ್ಕರೆ ಕಾಯಿಲೆಯವರ ಜೇಬಿನಲ್ಲಿ ಗ್ಲುಕೋಸ್ ಅಥವಾ ನಾಲ್ಕೈದು ಚಮಚ ಸಕ್ಕರೆಯ ಪುಡಿಕೆ ಸದಾ ಇರಲಿ. ಇನ್ಸುಲಿನ್ ತೆಗೆದುಕೊಳ್ಳುವವರು ಇನ್ನೂ ಎಚ್ಚರ ವಹಿಸಬೇಕು. ಬಳಸಲು ಆರಂಭಿಸಿದ ಇನ್ಸುಲಿನ್ ಸಾಮಾನ್ಯವಾಗಿ 30 ಡಿಗ್ರಿ ಸೆಲ್ಸಿಯಸ್ ಮೀರದ ಜಾಗದಲ್ಲಿ ಸುಮಾರು ನಾಲ್ಕು ವಾರ ಕೆಡದೆ ಉಳಿಯುತ್ತದೆ. ಆದರೆ ನಮ್ಮ ವಿಜಯಪುರ, ಬಾಗಲಕೋಟೆಗಳ ಏಪ್ರಿಲ್‌ನಲ್ಲಿ ನೆರಳಿನಲ್ಲಿಯೇ 40 ಡಿಗ್ರಿ ಆಗುತ್ತದೆ, ಬಿಸಿಲಿಗೆ ನಿಂತ ಕಾರಿನ ಡಿಕ್ಕಿಯೊಳಗಿನ ಮಾತು ಹೇಳುವುದೇ ಬೇಡ. ಹಾಗೆಂದು ಅದನ್ನು ಮಂಜುಗಡ್ಡೆಯ ಮೇಲೆ ನೇರವಾಗಿ ಇಡಲೂಬಾರದು, ಹೆಪ್ಪುಗಟ್ಟಿದ ಇನ್ಸುಲಿನ್ ಮತ್ತೆ ಕೆಲಸಕ್ಕೆ ಬಾರದು. ತಣ್ಣನೆಯ ಥರ್ಮಾಸಿನಲ್ಲಿ ಬಟ್ಟೆ ಸುತ್ತಿ ಇಡುವುದು ನಾವು ಕಂಡುಕೊಂಡ ಉಪಾಯ.

ಇನ್ನು ಭಾರದ ವಿಷಯ. ರೈಲ್ವೆ ಇಲಾಖೆ ಸ್ಲೀಪರ್ ದರ್ಜೆಯ ಪ್ರಯಾಣಿಕರಿಗೆ ತಲಾ 40 ಕಿಲೋ, ಎರಡನೆಯ ದರ್ಜೆಯವರಿಗೆ 35 ಕಿಲೋ ಸಾಮಾನನ್ನು ಉಚಿತವಾಗಿ ಒಯ್ಯಲು ಬಿಡುತ್ತದೆ. ಆದರೆ ಇಲಾಖೆ ಒಪ್ಪುವ ಭಾರ ಬೇರೆ, ಎರಡೇ ನಿಮಿಷ ನಿಲ್ಲುವ ಸ್ಟೇಷನ್ನಿನಲ್ಲಿ ಬೋಗಿಯ ಕಡಿದಾದ ಮೆಟ್ಟಿಲಿಗೆ ನಮ್ಮ ತೋಳು ಎತ್ತಬಲ್ಲ ಭಾರ ಬೇರೆ. ಮೀಟರ್ ಗೇಜಿನ ಕಾಲದಲ್ಲಿ ನಮ್ಮ ತಂದೆಯವರು ಕಬ್ಬಿಣದ ಟ್ರಂಕು, ಹೋಲ್ಡಾಲು ತೆಗೆದುಕೊಂಡು ಸೊಲ್ಲಾಪುರಕ್ಕೆ ಹೋಗುತ್ತಿದ್ದರು. ಟ್ರಂಕನ್ನು ಕೈಯಲ್ಲಿ ಎತ್ತಲೇಬೇಕಾಗಿದ್ದುದರಿಂದ ಅದರ ಭಾರ ಎಷ್ಟೆಂಬುದು ಮನೆಯ ಹೊಸ್ತಿಲು ದಾಟುವ ಮುನ್ನವೇ ಗೊತ್ತಾಗುತ್ತಿತ್ತು. ಅಮೆರಿಕದ ಬರ್ನಾರ್ಡ್ ಸ್ಯಾಡೋ ಎಂಬವರಿಗೆ ಗಾಲಿಯ ಸೂಟ್‌ಕೇಸಿನ ಪೇಟೆಂಟ್ ದೊರೆತದ್ದು 1972ರಲ್ಲಿ. ನಮ್ಮ ಮನೆಗಳಿಗೆ ಅದು ಬಂದದ್ದು ಬಹಳ ತಡವಾಗಿ. ಉಪಕಾರವಾಗಿದೆ ನಿಜ, ಆದರೆ ನಡುಮನೆಯ ನುಣುಪು ಟೈಲ್ಸಿನ ಮೇಲೆ ಬೆರಳಿನಿಂದ ತಳ್ಳಿದರೂ ಉರುಳುವ ಪೆಟ್ಟಿಗೆ ತನ್ನ ನಿಜವಾದ ಭಾರವನ್ನು ಹೇಳುವುದು ಸ್ಟೇಷನ್ನಿನ ಮೇಲ್ಸೇತುವೆಯ ಮೆಟ್ಟಿಲಿನ ಹತ್ತಿರ. ನಾನು ಕೊಕ್ಕೆಗೆ ತೂಗುಹಾಕುವ ಸಣ್ಣ ತೂಕದ ಯಂತ್ರದಲ್ಲಿ ನಮ್ಮ ದೊಡ್ಡ ಸೂಟ್‌ಕೇಸನ್ನು ಖಾಲಿಯಾಗಿಯೇ ತೂಗಿ ನೋಡಿದೆ: ನಾಲ್ಕೂವರೆ ಕಿಲೋ! ಒಂದು ದಪ್ಪ ಟರ್ಕಿ ಟವೆಲ್ಲು ಅರ್ಧ ಕಿಲೋ ಇದ್ದರೆ, ಕೈಮಗ್ಗದ ತೆಳು ಟವೆಲ್ಲು ಅದರ ಮೂರನೆಯ ಒಂದು ಪಾಲೂ ಇಲ್ಲ. ಮೈ ಒರೆಸಲು ಎರಡೂ ಸಾಕು, ಒಣಗುವುದರಲ್ಲಿ ತೆಳುವಾದದ್ದೇ ಮೇಲು.

ಚೀಲವನ್ನು ಭಾರ ಮಾಡುವುದು ಬಟ್ಟೆಗಿಂತ ಹೆಚ್ಚಾಗಿ ಒಂದು ಮಾತು. "ಇರ್ಲಿ ತಗೋರಿ, ಬೇಕಾದ್ರೂ ಬೇಕಾದೀತು." ಈ ಮಾತನ್ನು ನಾವು ಇನ್ನೊಬ್ಬರ ಚೀಲಕ್ಕಾಗಿ ಹೆಚ್ಚು ಹೇಳುತ್ತೇವೆ ಎಂಬುದನ್ನು ಗಮನಿಸಬೇಕು. ಗಂಡನಿಗೆ, ದೊಡ್ಡ ಮಗನಿಗೆ, ಅತ್ತೆಯವರಿಗೆ ಏನು ಬೇಕಾದೀತೆಂದು ಊಹಿಸಿ ಕಟ್ಟುವವಳು, ಯಾವುದೂ ಕಡಿಮೆ ಬಿತ್ತೆಂಬ ಮಾತು ಬಾರದಿರಲೆಂದು ಎರಡರ ಜಾಗದಲ್ಲಿ ನಾಲ್ಕನ್ನು ಇಡುತ್ತಾಳೆ. ತನ್ನ ಚೀಲವನ್ನು ತಾನೇ ಕಟ್ಟುವವನಿಗೆ ಆ ಹೆದರಿಕೆ ಇರುವುದಿಲ್ಲ. ಮೂವತ್ತು ವರ್ಷದ ಮಗ ಲಾಡ್ಜಿನ ಕೋಣೆಯಲ್ಲಿ ನಿಂತು "ಅವ್ವಾ, ನನ್ನ ಬನಿಯನ್ ಎಲ್ಲದಾವು?" ಎಂದು ಕೇಳುವುದು ಪ್ರೀತಿಯ ಲಕ್ಷಣವಲ್ಲ, ಅವನ ತಾಯಿಗೆ ಪ್ರವಾಸದಲ್ಲಿಯೂ ಬಿಡುವು ಸಿಗಲಿಲ್ಲ ಎಂಬುದರ ಲಕ್ಷಣ.

ಬಟ್ಟೆ ಎಷ್ಟು ಬೇಕು ಎಂಬುದಕ್ಕೆ ನನ್ನ ಲೆಕ್ಕ ಸರಳ. ಐದು ದಿನಕ್ಕೆ ಹೋದರೂ ಹದಿನೈದು ದಿನಕ್ಕೆ ಹೋದರೂ ಮೈಮೇಲಿನದು ಬಿಟ್ಟು ನಾಲ್ಕು ಜೊತೆ; ಉಳಿದದ್ದಕ್ಕೆ ಬಟ್ಟೆ ಸಾಬೂನು, ಒಂದು ಹಗ್ಗ. ಆದರೆ ಇಲ್ಲಿ ನಮ್ಮ ಭಾಗದವರು ಮೋಸ ಹೋಗುವ ಒಂದು ಸಂಗತಿ ಇದೆ. ವಿಜಯಪುರದ ಒಣ ಬಿಸಿಲಿಗೆ ಮಾಳಿಗೆಯ ಮೇಲೆ ಹರವಿದ ನೂಲಿನ ಸೀರೆ ಒಂದು ತಾಸಿನಲ್ಲಿ ಗರಿಗರಿಯಾಗುತ್ತದೆ. ಅದೇ ಸೀರೆಯನ್ನು ಗೋಕರ್ಣದಲ್ಲೋ ಉಡುಪಿಯಲ್ಲೋ ಒಗೆದು ಹಾಕಿದರೆ ಗಾಳಿಯಲ್ಲಿಯೇ ನೀರಿನ ಪಸೆ ಇರುವುದರಿಂದ ಮರುದಿನ ಮುಂಜಾನೆಯೂ ಅಂಚು ಹಸಿಯಾಗಿಯೇ ಇರುತ್ತದೆ. ಹಸಿ ಬಟ್ಟೆಯನ್ನು ಚೀಲಕ್ಕೆ ತುರುಕಿದರೆ ಉಳಿದ ಬಟ್ಟೆಗಳಿಗೂ ಮುಗ್ಗಲು ವಾಸನೆ ಹತ್ತುತ್ತದೆ. ಕರಾವಳಿಗೆ ಹೋಗುವವರು ದಪ್ಪ ನೂಲಿನ ಬಟ್ಟೆ, ಜೀನ್ಸ್ ಪ್ಯಾಂಟು ಬಿಟ್ಟು, ತೆಳುವಾದ, ಬೇಗ ಒಣಗುವ ಬಟ್ಟೆ ಒಯ್ಯುವುದು ಲೇಸು. ಒಗೆದ ಬಟ್ಟೆಯನ್ನು ಒಣ ಟವೆಲ್ಲಿನಲ್ಲಿ ಸುತ್ತಿ ಗಟ್ಟಿಯಾಗಿ ಹಿಂಡಿದರೆ ಅರ್ಧ ನೀರು ಅಲ್ಲಿಯೇ ಇಳಿಯುತ್ತದೆ. ಊಟಿ, ಕೊಡೈಕೆನಾಲ್‌ಗೆ ಹೊರಟವರು ಒಂದು ದಪ್ಪ ಕೋಟಿನ ಬದಲು ಒಂದರ ಮೇಲೊಂದು ತೊಡುವ ಎರಡು ತೆಳು ಸ್ವೆಟರ್ ಇಟ್ಟುಕೊಳ್ಳಲಿ. ಎರಡರ ನಡುವೆ ನಿಲ್ಲುವ ಗಾಳಿಯೇ ಬೆಚ್ಚಗಿಡುತ್ತದೆ, ಬಿಸಿಲೇರಿದಾಗ ಒಂದನ್ನು ತೆಗೆದರಾಯಿತು.

ಇಡುವ ಕ್ರಮದ ಬಗ್ಗೆ ಹೆಚ್ಚು ಬರೆಯಬೇಕಾಗಿಲ್ಲ. ಭಾರದ ವಸ್ತು ಗಾಲಿಯ ಕಡೆಗೆ, ಬೆನ್ನಿನ ಚೀಲವಾದರೆ ಬೆನ್ನಿಗೆ ತಾಗುವಂತೆ; ಟೀ ಶರ್ಟು, ಪೈಜಾಮ, ಚೂಡಿದಾರಗಳನ್ನು ಸುರುಳಿ ಸುತ್ತಿ, ಇಳಕಲ್ ಸೀರೆಯನ್ನು ಮಾತ್ರ ಅಗಲವಾಗಿ ಮಡಚಿ ಎಲ್ಲಕ್ಕಿಂತ ಮೇಲೆ, ಕಾಲುಚೀಲ ಬೂಟಿನೊಳಗೆ. ಎರಡು ಜೊತೆ ಪಾದರಕ್ಷೆ ಇದ್ದರೆ ಭಾರದ್ದನ್ನು ಕಾಲಿಗೆ ಹಾಕಿಕೊಂಡು ಹಗುರಾದದ್ದನ್ನು ಒಳಗಿಡಬೇಕು. ಕೊಬ್ಬರಿ ಎಣ್ಣೆಯ ಬಾಟಲಿಯನ್ನು ಮಾತ್ರ ಮರೆಯಬಾರದು. ತಂಪು ಊರಿನಲ್ಲಿ ಗಟ್ಟಿಯಾಗಿದ್ದಾಗ ಮುಚ್ಚಳ ಸಡಿಲವಾಗಿದ್ದರೂ ತಿಳಿಯುವುದಿಲ್ಲ. ಉಷ್ಣತೆ 25 ಡಿಗ್ರಿ ದಾಟಿದ ಕೂಡಲೇ ಕರಗಿ, ಊರಿಗೆ ಮರಳುವಷ್ಟರಲ್ಲಿ ರೇಷ್ಮೆ ಸೀರೆಯ ಮೇಲೆ ನಕಾಶೆ ಬರೆದಿರುತ್ತದೆ. ಮುಚ್ಚಳದ ಕೆಳಗೆ ಒಂದು ತುಂಡು ಪ್ಲಾಸ್ಟಿಕ್ ಹಾಳೆ ಇಟ್ಟು ತಿರುಗಿಸಿದರೆ ಈ ನಷ್ಟವಿಲ್ಲ.

ಬುತ್ತಿಯನ್ನು ಬಿಟ್ಟುಬಿಡಿ ಎಂದು ನಾನು ಹೇಳಲಾರೆ. ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಚಟ್ನಿಪುಡಿಗಳಷ್ಟು ಹಗುರಾದ, ನೀರಿನಂಶವಿಲ್ಲದ, ವಾರಗಟ್ಟಲೆ ಕೆಡದ ಪ್ರವಾಸದ ಆಹಾರ ಬೇರೆ ಸೀಮೆಯವರಲ್ಲಿ ಅಪರೂಪ. ನಮ್ಮ ಹಿರಿಯರು ಯೋಚಿಸಿಯೇ ಅದನ್ನು ರೂಢಿಗೆ ತಂದಿದ್ದಾರೆ. ಆದರೆ ಎಣ್ಣೆಗಾಯಿ ಪಲ್ಯ, ಮೊಸರನ್ನ ಮೊದಲ ದಿನದ ಊಟಕ್ಕಷ್ಟೇ ಇರಲಿ. ಬುತ್ತಿಗೆ ಮಡಚಬಹುದಾದ ಬೇರೆ ಬಟ್ಟೆಯ ಚೀಲವಿದ್ದರೆ ದಿನದಿಂದ ದಿನಕ್ಕೆ ಅದು ಖಾಲಿಯಾಗುತ್ತ, ಬರುವಾಗ ಅಲ್ಲಿ ಕೊಂಡ ಸಾಮಾನಿಗೆ ಜಾಗವಾಗುತ್ತದೆ. ಬೆಳಗಾವಿಯ ಸಾಂಬ್ರಾ ನಿಲ್ದಾಣದಿಂದ ವಿಮಾನ ಹಿಡಿಯುವವರು ಈಗ ನಮ್ಮಲ್ಲಿಯೂ ಹೆಚ್ಚಾಗಿದ್ದಾರೆ. ಖಾರದ ಪುಡಿ, ಮೆಣಸಿನಕಾಯಿಯ ಉಪ್ಪಿನಕಾಯಿಗಳನ್ನು ಕೈಚೀಲದಲ್ಲಿ ಬಿಡುವುದಿಲ್ಲ, ಒಪ್ಪಿಸುವ ಲಗೇಜಿನಲ್ಲಿ ಇಡಬೇಕು. ಒಣ ಕೊಬ್ಬರಿಯು ತನ್ನ ಎಣ್ಣೆಯಂಶದಿಂದ ಬೇಗ ಹೊತ್ತಿಕೊಳ್ಳುವ ವಸ್ತುವಾದ್ದರಿಂದ ಅದನ್ನು ಒಯ್ಯದಿರುವುದೇ ಒಳ್ಳೆಯದು. ಫೋನಿನ ಪವರ್ ಬ್ಯಾಂಕ್ ಮಾತ್ರ ಕೈಚೀಲದಲ್ಲಿಯೇ ಇರಬೇಕು. ದೇಶದೊಳಗಿನ ವಿಮಾನಗಳಲ್ಲಿ ಸಾಮಾನ್ಯವಾಗಿ 15 ಕಿಲೋ ಲಗೇಜು, 7 ಕಿಲೋ ಕೈಚೀಲ ಎಂಬ ಮಿತಿ ಇರುವುದರಿಂದ ತೂಕದ ಶಿಸ್ತು ಅಲ್ಲಿ ತಾನಾಗಿ ಬರುತ್ತದೆ. ರೈಲಿನವರಿಗೂ ಬಸ್ಸಿನವರಿಗೂ ಆ ಶಿಸ್ತನ್ನು ನಾವೇ ಹಾಕಿಕೊಳ್ಳಬೇಕು.

ಯುಗಾದಿಗೆ ಮುನ್ನ ನಮ್ಮ ಜಿಲ್ಲೆಗಳಿಂದ ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುವವರನ್ನು ಎಲ್ಲರೂ ನೋಡಿದ್ದೇವೆ. ದಾರಿಯುದ್ದಕ್ಕೂ ದಾಸೋಹದ ಊಟ ಸಿಗುತ್ತದೆ ಎಂಬುದು ನಿಜ, ಆದ್ದರಿಂದ ಅವರನ್ನೂ ನಮ್ಮನ್ನೂ ಪೂರ್ತಿ ಹೋಲಿಸಲಾಗದು. ಆದರೂ ಅಷ್ಟು ದಿನಗಳ ನಡಿಗೆಗೆ ಅವರ ಹೆಗಲಿಗೆ ಇರುವುದು ಒಂದೇ ಚೀಲ: ಒಂದು ಜೊತೆ ಬಟ್ಟೆ, ಹೊದಿಕೆ, ನೀರಿನ ಬಾಟಲಿ, ಬ್ಯಾಟರಿ. ನಮ್ಮ ಓಣಿಯ ಎಪ್ಪತ್ತರ ಹಿರಿಯ ಹೆಣ್ಣುಮಗಳೊಬ್ಬರು ಪ್ರತಿ ವರ್ಷ ಹೊರಡುವ ಹಿಂದಿನ ರಾತ್ರಿ ಆ ಚೀಲವನ್ನು ತಾವೇ ಕಟ್ಟುತ್ತಾರೆ. ಸೊಸೆ ಮುಟ್ಟಲು ಹೋದರೆ "ಹೊರಾಕಿ ನಾನs, ಕಟ್ಟಾಕಿನೂ ನಾನs" ಎನ್ನುತ್ತಾರೆ.

ರಾಮೇಶ್ವರದಿಂದ ಬಂದ ಮೇಲೆ ನಮ್ಮ ಮನೆಯಲ್ಲಿಯೂ ಹಾಗೆಯೇ ಮಾಡಿದ್ದೇವೆ. ಹೊರಡುವ ಎರಡು ದಿನ ಮುಂಚೆ ಪ್ರತಿಯೊಬ್ಬರೂ ತಮ್ಮ ಸಾಮಾನನ್ನು ಹಾಸಿಗೆಯ ಮೇಲೆ ಹರವಿ, ಬೇಡವೆನಿಸಿದ್ದನ್ನು ಕಪಾಟಿಗೆ ಮರಳಿಸಿ, ಎಂಟು ಕಿಲೋ ಮೀರದಂತೆ ತೂಗಿ, ಚೀಲವನ್ನು ಹೆಗಲಿಗೆ ಹಾಕಿಕೊಂಡು ಮಾಳಿಗೆಯ ಮೆಟ್ಟಿಲನ್ನು ಒಮ್ಮೆ ಹತ್ತಿ ಇಳಿಯುತ್ತಾರೆ. ನಮ್ಮ ಮನೆಯವರು ಮೊದಲ ಸಲ ಕಟ್ಟಿದಾಗ ಹಲ್ಲುಜ್ಜುವ ಬ್ರಷ್ ಮರೆತಿದ್ದರು. ಇಳಿದ ಊರಿನಲ್ಲಿ ಇಪ್ಪತ್ತು ರೂಪಾಯಿಗೆ ಸಿಕ್ಕಿತು. ಗುಳಿಗೆ ಮಾತ್ರ ಅವರ ಅಂಗಿಯ ಜೇಬಿನಲ್ಲಿಯೇ ಇತ್ತು.

ತಮ್ಮಲ್ಲಿ ಒಂದು ವಿನಂತಿ ಇದೆ. ರಜೆಯ ದಿನಗಳಲ್ಲಿ ತಾವು ಪ್ರಕಟಿಸುವ ಪ್ರವಾಸ ಲೇಖನಗಳಲ್ಲಿ ದಾರಿ, ದೂರ, ವಸತಿಯ ವಿವರಗಳಿರುತ್ತವೆ. ಅದರ ಜೊತೆಗೆ ಆ ಊರಿನಲ್ಲಿ ಆ ತಿಂಗಳು ಬಟ್ಟೆ ಎಷ್ಟು ಹೊತ್ತಿಗೆ ಒಣಗುತ್ತದೆ, ರಾತ್ರಿ ಎಷ್ಟು ಚಳಿ, ಎಷ್ಟು ಮೆಟ್ಟಿಲು ಹತ್ತಬೇಕು, ಔಷಧದಂಗಡಿ ಎಷ್ಟು ದೂರ ಎಂಬುದನ್ನು ಎರಡು ಸಾಲಿನಲ್ಲಿ ಬರೆಯುವಂತೆ ಲೇಖಕರಿಗೆ ಸೂಚಿಸಿದರೆ, ಚೀಲ ಕಟ್ಟಲು ಕುಳಿತವರಿಗೆ ಬಹಳ ಉಪಕಾರವಾಗುತ್ತದೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಪ್ರೌಢಶಾಲಾ ಶಿಕ್ಷಕಿ,
ವಿಜಯಪುರ