ವಿಷ ಸೇರಿದ ಮಣ್ಣು, ಸೂಕ್ಷ್ಮಾಣುಜೀವಿಗಳ ಮಿತಿ

ಮಾನ್ಯರೇ,

ಸತ್ವಗುಂದಿದ ಮಣ್ಣಿಗೂ ವಿಷ ಸೇರಿದ ಮಣ್ಣಿಗೂ ಉಪಯುಕ್ತ ಸೂಕ್ಷ್ಮಾಣುಜೀವಿಗಳನ್ನು ಬೆರೆಸಿದ ಜೀವಾಣು ಗೊಬ್ಬರವೊಂದೇ ಮದ್ದು ಎಂಬಂತೆ ನಡೆಯುತ್ತಿರುವ ಪ್ರಚಾರ ರೈತರ ದಾರಿ ತಪ್ಪಿಸುವಂತಿದೆ.

ಸತ್ವದ ವಿಷಯದಲ್ಲಿ ಇದರ ಪ್ರಯೋಜನ ನಿಸ್ಸಂದೇಹ. ದ್ವಿದಳ ಧಾನ್ಯದ ಬೇರಿನ ಗಂಟನ್ನು ಉಗುರಿನಿಂದ ಸೀಳಿದಾಗ ಒಳಗೆ ನಸುಗೆಂಪು ಬಣ್ಣ ಕಂಡರೆ, ಅಲ್ಲಿರುವ ರೈಜೋಬಿಯಂ ಎಂಬ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತಿದೆಯೆಂದು ತಿಳಿಯಬಹುದು. ಆದರೆ ಮಣ್ಣಿನ ಬಹುಪಾಲು ಸೂಕ್ಷ್ಮಾಣುಜೀವಿಗಳಿಗೆ ಆಹಾರವಾಗಿ ಸಾವಯವ ಇಂಗಾಲ ಬೇಕು. ಚೆನ್ನಾಗಿ ಕಳಿತ ಗೊಬ್ಬರವಿಲ್ಲದ ಹೊಲಕ್ಕೆ ಪೊಟ್ಟಣದ ಪುಡಿಯನ್ನಷ್ಟೇ ಎರಚಿದರೆ ಫಲ ಅಷ್ಟಕ್ಕಷ್ಟೇ. ಕಳಿಯದ ಹುಲ್ಲನ್ನು ಮಣ್ಣಿಗೆ ಸೇರಿಸಿದರೂ, ಅದನ್ನು ಕೊಳೆಸುವ ಜೀವಿಗಳೇ ಸಾರಜನಕವನ್ನು ಬಳಸಿಕೊಂಡು ಬೆಳೆ ಹಳದಿಯಾಗುತ್ತದೆ.

ಮಾಲಿನ್ಯದ ಮಾತೇ ಬೇರೆ. ಸೋರಿದ ಡೀಸೆಲ್ಲನ್ನು ಸ್ಯೂಡೊಮೊನಾಸ್‌ನಂಥ ಬ್ಯಾಕ್ಟೀರಿಯಾಗಳು, ಸಾಕಷ್ಟು ಗಾಳಿ, ತೇವ ಮತ್ತು ಪೋಷಕಾಂಶ ಸಿಕ್ಕರೆ, ಕ್ರಮೇಣ ಒಡೆದು ಹಾಕುತ್ತವೆ. ಆದರೆ ಸೀಸ, ಕ್ಯಾಡ್ಮಿಯಂನಂಥ ಭಾರಲೋಹಗಳು ಮೂಲಧಾತುಗಳಾದ್ದರಿಂದ ಅವನ್ನು ಯಾವ ಜೀವಿಯೂ ಒಡೆಯಲಾರದು. ಗೊಬ್ಬರದ ಹ್ಯೂಮಸ್ (ಚೆನ್ನಾಗಿ ಕಳಿತ ಸಾವಯವ ಅಂಶ) ಅವನ್ನು ಹಿಡಿದಿಟ್ಟು ಬೆಳೆ ಹೀರಿಕೊಳ್ಳುವುದನ್ನು ತಗ್ಗಿಸಬಹುದೇ ಹೊರತು ಲೋಹ ಮಣ್ಣಿನಲ್ಲೇ ಉಳಿಯುತ್ತದೆ. ಮಣ್ಣು ಹುಳಿಯಾದರೆ ಆ ಲೋಹದಲ್ಲೊಂದಷ್ಟು ಮತ್ತೆ ಬೇರಿಗೆ ದಕ್ಕುತ್ತದೆ. ವಿಂಗಡಿಸದ ನಗರತ್ಯಾಜ್ಯದಿಂದ ತಯಾರಿಸಿದ ಕಾಂಪೋಸ್ಟ್ ಇಂಥ ಲೋಹಗಳನ್ನು ತಾನೇ ಹೊತ್ತು ತರುವುದೂ ಉಂಟು (ಸಾವಯವ ಎಂಬ ಹಣೆಪಟ್ಟಿ ಇದನ್ನು ಮರೆಮಾಚುತ್ತದೆ).

ಆದ್ದರಿಂದ ಮಾಲಿನ್ಯದ ಶಂಕೆಯಿರುವ ಜಮೀನಿನಲ್ಲಿ ಗೊಬ್ಬರಕ್ಕಿಂತ ಮೊದಲು ಭಾರಲೋಹಗಳ ಪರೀಕ್ಷೆ ನಡೆಯಬೇಕು. ಮಾರಾಟಗಾರರೂ ಕಾಂಪೋಸ್ಟ್ ಚೀಲದ ಮೇಲೆ ಲೋಹಾಂಶವನ್ನು, ಜೀವಾಣು ಪೊಟ್ಟಣದ ಮೇಲೆ ಜೀವಂತ ಕೋಶಗಳ ಸಂಖ್ಯೆ ಮತ್ತು ಬಳಕೆಯ ಕೊನೆಯ ದಿನಾಂಕವನ್ನು ಓದಲು ಬರುವಂತೆ ಮುದ್ರಿಸಬೇಕು.

– ಓರ್ವ ಓದುಗ