ನನಗಾಗಿ ಗೋಧಿ ಬಿಟ್ಟವರಿಗೆ

ಕಳೆದ ವಾರ ರಿಪೋರ್ಟ್ ಬಂತು. ಗೋಧಿ ಆಗದ ನನ್ನ ಕಾಯಿಲೆಯನ್ನು ತೋರಿಸುವ ಟಿಟಿಜಿ ರಕ್ತಪರೀಕ್ಷೆ ನಾರ್ಮಲ್. ಹಿಮೋಗ್ಲೋಬಿನ್ 12 ದಾಟಿದೆ. ಎಂಡೋಸ್ಕೋಪಿ ಮಾಡಿದ ಡಾಕ್ಟರ್, ಕರುಳಿನ ಒಳಪದರ ಚೆನ್ನಾಗಿ ವಾಸಿಯಾಗಿದೆ ಎಂದರು. ಮನೆಗೆ ಬಂದು ಎಲ್ಲರಿಗೂ ಫೋನ್ ಮಾಡಿದೆ. ಆದರೆ ಫೋನಿನಲ್ಲಿ ಹೇಳಬೇಕಾದದ್ದನ್ನೆಲ್ಲ ಹೇಳಲು ಆಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನನಗಿರುವುದು ಸೀಲಿಯಾಕ್ ಕಾಯಿಲೆ. ಗೋಧಿಯಲ್ಲಿ, ಬಾರ್ಲಿಯಲ್ಲಿ ಗ್ಲುಟೆನ್ ಎಂಬ ಪ್ರೋಟೀನ್ ಇರುತ್ತದೆ. ಅದು ಹೊಟ್ಟೆಗೆ ಹೋದರೆ ನನ್ನ ದೇಹ ನನ್ನ ಸಣ್ಣ ಕರುಳಿನ ಮೇಲೇ ಯುದ್ಧಕ್ಕೆ ನಿಲ್ಲುತ್ತದೆ. ಕರುಳಿನ ಒಳಗೆ ಆಹಾರದ ಸತ್ವ ಹೀರುವ ಪುಟ್ಟ ಪುಟ್ಟ ಚಾಚುಗಳಿರುತ್ತವೆ. ಅವು ಸವೆದು ಚಪ್ಪಟೆಯಾಗುತ್ತವೆ. ಆಮೇಲೆ ಏನು ತಿಂದರೂ ಮೈಗೆ ಹತ್ತುವುದಿಲ್ಲ. ಇದಕ್ಕೆ ಮಾತ್ರೆ ಇಲ್ಲ, ಆಪರೇಷನ್ ಇಲ್ಲ. ಗೋಧಿ, ಮೈದಾ, ರವೆ, ಶಾವಿಗೆ, ಬಾರ್ಲಿ ಎಲ್ಲವನ್ನೂ ಜೀವನಪೂರ್ತಿ ಬಿಡುವುದೊಂದೇ ಚಿಕಿತ್ಸೆ. ಅಂದರೆ ನನಗೆ ಔಷಧ ಕೊಟ್ಟವರು ಅಡುಗೆ ಮಾಡಿದವರೇ. ನನ್ನ ಹೊಟ್ಟೆಗೆ ಏನು ಹೋಗುತ್ತದೆ ಎಂದು ಪ್ರತಿ ಹೊತ್ತೂ ನೋಡಿಕೊಂಡವರು ಅವರು.

ಮೊದಲ ನಮಸ್ಕಾರ, ಕಾಯಿಲೆ ಗುರುತಿಸಿದ ಡಾಕ್ಟರಿಗೆ. ವರ್ಷಗಟ್ಟಲೆ ನನಗೆ ರಕ್ತಹೀನತೆ ಇತ್ತು. ಮೆಟ್ಟಿಲು ಹತ್ತಿದರೆ ಏದುಸಿರು, ಬಾಯಲ್ಲಿ ಹುಣ್ಣು, ಉದುರುವ ಕೂದಲು, ಊಟವಾದ ಮೇಲೆ ಉಬ್ಬುವ ಹೊಟ್ಟೆ. ಕಬ್ಬಿಣದ ಮಾತ್ರೆ ನುಂಗುತ್ತಲೇ ಇದ್ದೆ. ಇವರು ಮಾತ್ರ, ಮಾತ್ರೆ ನುಂಗಿದರೂ ರಕ್ತ ಏಕೆ ಏರುತ್ತಿಲ್ಲ ಎಂದು ಕೇಳಿದರು. ಊಟದ ಕಬ್ಬಿಣವನ್ನು ಹೀರಿಕೊಳ್ಳುವುದು ಹೆಚ್ಚಾಗಿ ಸಣ್ಣ ಕರುಳಿನ ಮೊದಲ ಭಾಗ. ಸೀಲಿಯಾಕ್ ಹಾಳು ಮಾಡುವುದೂ ಅದೇ ಜಾಗವನ್ನು. ಹೀಗೆ ಚಿತ್ರ ಬರೆದು, ಮುಕ್ಕಾಲು ಗಂಟೆ ಕೂತು ವಿವರಿಸಿದರು. ಹೊರಗೆ ಪೇಷಂಟುಗಳು ಸಾಲಾಗಿ ಕೂತಿದ್ದರು, ಆದರೂ ಅವಸರ ಮಾಡಲಿಲ್ಲ.

ಡಯಟಿಶಿಯನ್ ಮೇಡಂ, ನಿಮ್ಮ ಋಣ ದೊಡ್ಡದು. ಅಡುಗೆಮನೆಯ ಡಬ್ಬಿಗಳ ಫೋಟೋ ತರಲು ಹೇಳಿ, ಒಂದೊಂದನ್ನೂ ದೊಡ್ಡದು ಮಾಡಿ ಓದಿದಿರಿ. ಇಂಗಿನ ಡಬ್ಬಿ ಬಂದಾಗ ನಿಲ್ಲಿಸಿದಿರಿ. ಅಂಗಡಿಯಲ್ಲಿ ಸಿಗುವ ಇಂಗು ಬರೀ ಇಂಗಲ್ಲ, ಅದರ ಜೊತೆ ಹೆಚ್ಚಾಗಿ ಗೋಂದು ಮತ್ತು ಗೋಧಿ ಹಿಟ್ಟು ಅಥವಾ ಮೈದಾ ಬೆರೆಸಿರುತ್ತಾರೆ. ನಮ್ಮ ಮನೆಯ ಸಾರಿನ ಪುಡಿ, ಉಪ್ಪಿನಕಾಯಿ, ಮಜ್ಜಿಗೆಯ ಒಗ್ಗರಣೆ ಎಲ್ಲದರಲ್ಲೂ ಇಂಗು! ಅಕ್ಕಿ ಹಿಟ್ಟು ಬೆರೆಸಿದ ಇಂಗೂ ಸಿಗುತ್ತದೆ ಎಂದು ತೋರಿಸಿಕೊಟ್ಟವರು ನೀವು. ಮಾಲ್ಟ್ ಹಾಕಿದ ಪಾನೀಯಗಳಲ್ಲಿ ಬಾರ್ಲಿ ಇರುತ್ತದೆ, ಸೋಯಾ ಸಾಸ್‌ನಲ್ಲಿ ಗೋಧಿ ಇರುತ್ತದೆ ಎಂದೂ ನಿಮ್ಮಿಂದಲೇ ತಿಳಿಯಿತು. 'ದುಬಾರಿ ಗ್ಲುಟೆನ್ ಫ್ರೀ ಬಿಸ್ಕತ್ತಿನ ಹಿಂದೆ ಹೋಗಬೇಡಿ, ನಿಮ್ಮ ಎರಡೂ ಮನೆಯ ಊಟ ಸಾಕು' ಎಂದಿರಿ. ಆ ಮಾತಿನಿಂದ ನನಗೆ ಅರ್ಧ ಧೈರ್ಯ ಬಂತು.

ಎರಡೂ ಮನೆ ಅಂದರೆ, ನನ್ನ ತವರು ಗದಗ, ಸೇರಿದ ಮನೆ ತುಮಕೂರು. ಒಂದು ಜೋಳದ ನಾಡು, ಇನ್ನೊಂದು ರಾಗಿಯ ನಾಡು. ಎರಡರಲ್ಲೂ ಗ್ಲುಟೆನ್ ಇಲ್ಲ. ನವಣೆ, ಸಜ್ಜೆ, ಸಾಮೆ, ಅಕ್ಕಿಯಲ್ಲೂ ಇಲ್ಲ. ವಿಷಯ ಗೊತ್ತಾದ ದಿನ ನಾನು ಅತ್ತಾಗ ಅವ್ವ ಫೋನಿನಲ್ಲಿ, 'ಗೋಧಿ ಹೋದರ ಹೋಗ್ಲಿ ಬಿಡ, ಜೋಳ ಐತಲ್ಲ' ಅಂದಳು. ಅಂದಿನಿಂದ ಬಸ್ಸಿನಲ್ಲಿ ಖಡಕ್ ರೊಟ್ಟಿ ಬರುತ್ತಲೇ ಇದೆ. ಜೊತೆಗೆ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ. ನಮ್ಮ ಕಡೆ ಹಬ್ಬ ಅಂದರೆ ಗೋಧಿ ಹುಗ್ಗಿ. ಅವ್ವ ಈಗ ನವಣೆ ಅಕ್ಕಿಯ ಹುಗ್ಗಿ ಮಾಡುತ್ತಾಳೆ, ಬೆಲ್ಲ, ಕೊಬ್ಬರಿ, ಗಸಗಸೆ ಹಾಕಿ. ನಾನು ಹೋದಾಗ ಮನೆಮಂದಿಯೆಲ್ಲ ಅದನ್ನೇ ಉಣ್ಣುತ್ತಾರೆ. ಮನೆಗೆ ರೊಟ್ಟಿ ಬಡಿದುಕೊಡುವ ಅಕ್ಕ, ನನ್ನ ರೊಟ್ಟಿಯ ದಿನ ಚಪಾತಿ ಹಿಟ್ಟನ್ನು ಹತ್ತಿರಕ್ಕೂ ತರುವುದಿಲ್ಲವಂತೆ. ಅಕ್ಕಾ, ನಿನಗೂ ಶರಣು.

ಅತ್ತೆಯ ಬಗ್ಗೆ ಬರೆಯಲು ಕೂತರೆ ಮುಗಿಯುವುದಿಲ್ಲ. ಜರಡಿಯ ಸಂದಿನಲ್ಲಿ ಸಿಕ್ಕಿಕೊಂಡ ಹಿಟ್ಟು ತೊಳೆದರೂ ಹೋಗುವುದಿಲ್ಲ ಎಂದು ಕೇಳಿದ ಸಂಜೆಯೇ ಹೊಸ ಜರಡಿ, ಹೊಸ ಲಟ್ಟಣಿಗೆ, ಹೊಸ ಕಾವಲಿ ತರಿಸಿದರು. ಎಲ್ಲದಕ್ಕೂ ಕೆಂಪು ದಾರ ಕಟ್ಟಿದರು. ಕೆಲವು ತಿಂಗಳಾದ ಮೇಲೆ, ಈ ದಾರದ ಗೊಡವೆಯೇ ಬೇಡ ಎಂದು ಮನೆಯಿಂದ ಗೋಧಿಯನ್ನೇ ಹೊರಗೆ ಹಾಕಿದರು. ಮಾವನವರಿಗೆ ಬೆಳಗ್ಗೆ ಉಪ್ಪಿಟ್ಟು ಬೇಕೇ ಬೇಕಿತ್ತು. ಈಗ ಅಕ್ಕಿ ತರಿಯ ಉಪ್ಪಿಟ್ಟು ತಿನ್ನುತ್ತಾರೆ, ಒಂದು ದಿನವೂ ಗೊಣಗಿಲ್ಲ. ಯುಗಾದಿಗೆ ಒಬ್ಬಟ್ಟಿನ ಕಣಕಕ್ಕೆ ಮೈದಾ ಇಲ್ಲದೆ ಆಗುವುದಿಲ್ಲ, ಅಲ್ವಾ? ಅತ್ತೆ ಅಕ್ಕಿ ಹಿಟ್ಟಿನ ಕಣಕ ಮಾಡಿ ನೋಡಿದರು. ತಟ್ಟುವಾಗಲೇ ಹರಿಯಿತು. ಅದೇ ಹೂರಣವನ್ನು ಬೇಯಿಸಿದ ಅಕ್ಕಿ ಹಿಟ್ಟಿನ ಕಡುಬಿಗೆ ತುಂಬಿ ಹಬೆಯಲ್ಲಿ ಬೇಯಿಸಿದರು. 'ಹಬ್ಬದಲ್ಲಿ ಒಬ್ಬಳಿಗೆ ಬೇರೆ ತಟ್ಟೆ ಇಡೋದು ನಂಗೆ ಇಷ್ಟ ಇಲ್ಲ' ಎಂದರು. ನಮ್ಮ ಮನೆಯ ಯುಗಾದಿ ಈಗ ಕಡುಬಿನ ಯುಗಾದಿ.

ಮಿಲ್ಲಿನ ಅಣ್ಣನಿಗೂ ಥ್ಯಾಂಕ್ಸ್ ಹೇಳಬೇಕು. ಗೋಧಿ ಬೀಸಿದ ಮೆಷಿನ್ನಿನಲ್ಲೇ ರಾಗಿ ಬೀಸಿದರೆ ಆ ರಾಗಿ ಹಿಟ್ಟು ನನಗೆ ಆಗುವುದಿಲ್ಲ. ಗ್ಲುಟೆನ್ ಫ್ರೀ ಎನ್ನಬೇಕಾದರೆ ಒಂದು ಕೆಜಿಯಲ್ಲಿ 20 ಮಿಲಿಗ್ರಾಂಗಿಂತ ಜಾಸ್ತಿ ಗ್ಲುಟೆನ್ ಇರಬಾರದು ಎಂಬುದು ನಿಯಮ. ಅಷ್ಟು ಸಣ್ಣ ಲೆಕ್ಕ. ಇದನ್ನು ಹೇಳಿದಾಗ ಅಣ್ಣ ನಗಲಿಲ್ಲ. ರಾಗಿ, ಅಕ್ಕಿಗೆ ಒಂದು ಮೆಷಿನ್ ಬೇರೆಯೇ ಇಟ್ಟರು. ಕೆಲಸದ ಹುಡುಗನಿಗೂ ತಾಕೀತು ಮಾಡಿದರು.

ನನ್ನ ತಂಗಿಯ ಮದುವೆಯಲ್ಲಿ ಒಗ್ಗರಣೆ ಹಾಕುವ ಮುಂಚೆ ನನಗೆಂದು ಸಾರು, ಪಲ್ಯ ತೆಗೆದಿಟ್ಟ ಅಡುಗೆ ಭಟ್ಟರು, ಪೂರಿ ಕರಿದ ಎಣ್ಣೆಯಲ್ಲಿ ನನ್ನ ಹಪ್ಪಳ ಕರಿಯದೆ ಬೇರೆ ಬಾಣಲೆ ಇಟ್ಟವರು. ಪ್ರಸಾದದ ಸಜ್ಜಿಗೆಯ ಬದಲು ನನ್ನ ಕೈಗೆ ಬಾಳೆಹಣ್ಣು ಕೊಡುವ ಅರ್ಚಕರು. 'ಒಂಚೂರು ತಿಂದ್ರೆ ಏನೂ ಆಗಲ್ಲ' ಎನ್ನುವವರಿಗೆ ನನ್ನ ಪರವಾಗಿ ಉತ್ತರ ಕೊಡುವ ಆಫೀಸಿನ ಗೆಳತಿಯರು. ಪ್ರತಿ ಪೊಟ್ಟಣದ ಹಿಂದಿನ ಸಣ್ಣ ಅಕ್ಷರವನ್ನು ನನಗಿಂತ ಮೊದಲೇ ಓದುವ ನಮ್ಮ ಯಜಮಾನರು. ಎಲ್ಲರಿಗೂ ಕೈ ಮುಗಿಯುತ್ತೇನೆ.

ನಾನು ನೋಡದೇ ಇರುವ ಒಬ್ಬರಿಗೂ ನಮಸ್ಕಾರ ಹೇಳಬೇಕು. ವಿಲ್ಲೆಮ್ ಕರೆಲ್ ಡಿಕೆ ಎಂಬ ಡಚ್ ಮಕ್ಕಳ ವೈದ್ಯರು. ಈ ಕಾಯಿಲೆಗೆ ಗೋಧಿಯೇ ಕಾರಣವಿರಬೇಕೆಂದು ಎರಡನೇ ಮಹಾಯುದ್ಧಕ್ಕೆ ಮುಂಚೆಯೇ ಅವರಿಗೆ ಅನುಮಾನವಿತ್ತು. 1944-45ರ ಚಳಿಗಾಲದಲ್ಲಿ, ಯುದ್ಧದ ನಡುವೆ, ಅವರ ದೇಶದಲ್ಲಿ ಭೀಕರ ಕ್ಷಾಮ, ಬ್ರೆಡ್ ಸಿಗುವುದೇ ಕಷ್ಟವಾಗಿತ್ತು. ಈ ಕಾಯಿಲೆಯ ಮಕ್ಕಳು ಆಗ ಚೇತರಿಸಿಕೊಂಡರು, ಬ್ರೆಡ್ ಮತ್ತೆ ಬಂದಾಗ ಮತ್ತೆ ಕಾಯಿಲೆ ಬಿದ್ದರು. 1950ರಲ್ಲಿ ಅವರು ಇದನ್ನು ಪ್ರಬಂಧವಾಗಿ ಮಂಡಿಸಿದರು. ನನ್ನ ತಟ್ಟೆಯ ಜೋಳದ ರೊಟ್ಟಿಗೂ ಆ ಕೆಲಸಕ್ಕೂ ನೇರ ನಂಟಿದೆ.

ಇದು ಮನೆತನದಲ್ಲಿ ಬರುವ ಕಾಯಿಲೆ. ಅಪ್ಪ, ಅಮ್ಮ, ಒಡಹುಟ್ಟಿದವರು, ಮಕ್ಕಳು ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು. ನನ್ನ ಮಗಳದ್ದು ಸದ್ಯಕ್ಕೆ ಸರಿಯಾಗಿದೆ. ಅವ್ವ, ತಂಗಿ ಇಬ್ಬರೂ ಮುಂದಿನ ವಾರ ಮಾಡಿಸುತ್ತಾರೆ. ತಂಗೀ, ಒಂದು ಮಾತು. ನನ್ನನ್ನು ನೋಡಿ ನೀನೂ ಈಗಲೇ ಗೋಧಿ ಬಿಡಬೇಡ. ಬಿಟ್ಟ ಮೇಲೆ ಪರೀಕ್ಷೆ ಮಾಡಿಸಿದರೆ ಕಾಯಿಲೆ ಇದ್ದರೂ ರಿಪೋರ್ಟಿನಲ್ಲಿ ಕಾಣದೇ ಹೋಗಬಹುದು. ರಕ್ತ ಕೊಡುವವರೆಗೂ ಚಪಾತಿ ತಿನ್ನುತ್ತಿರು. ಅವ್ವಗೂ ಹೇಳು.